ತಿಂಗಳ ಫೀಸು ಕೊಟ್ಟು ಡಾಕ್ಟರನ್ನು ಹಿಡಿದುಕೊಳ್ಳಬೇಕಾ? (ಪರ-ವಿರೋಧ)

ಪರ: ನಾನು ದುಡ್ಡು ಕೊಡುವುದು ಟೈಮಿಗೆ

ಎರಡು ವರ್ಷ ನನ್ನ ಪಾದ ಜೋಮು ಹಿಡಿಯುತ್ತಿತ್ತು. ರಾತ್ರಿ ಹೊತ್ತು ಜಾಸ್ತಿ. ಇಲ್ಲಿ ಅಮೆರಿಕದಲ್ಲಿ ಇನ್ಶೂರೆನ್ಸ್ ಕಾರ್ಡ್ ಹಿಡಿದು ಹೊರಟರೆ ಅಪಾಯಿಂಟ್‌ಮೆಂಟ್‌ಗೆ ಮೂರು ವಾರ ಕಾಯಬೇಕು, ಹೋದ ಮೇಲೆ ನರ್ಸ್ ಬಿಪಿ ನೋಡುತ್ತಾರೆ, ಆಮೇಲೆ ಡಾಕ್ಟರು ಬಂದು ಕಂಪ್ಯೂಟರ್ ಕಡೆಗೇ ಮುಖ ಮಾಡಿ ನಾಲ್ಕು ಪ್ರಶ್ನೆ ಕೇಳಿ ಹದಿನೈದು ನಿಮಿಷದಲ್ಲಿ ಎದ್ದು ಹೋಗುತ್ತಾರೆ. "ಶುಗರ್ ಇದೆಯಲ್ಲ, ಅದಕ್ಕೇ" ಅಂದರು. ಅಷ್ಟೇ.

ಅವರನ್ನೂ ಬೈಯುವ ಹಾಗಿಲ್ಲ. ಇನ್ಶೂರೆನ್ಸಿನವರು ದುಡ್ಡು ಕೊಡುವುದು ವಿಸಿಟ್ ಲೆಕ್ಕದಲ್ಲಿ. ಹಾಗಾಗಿ ಒಬ್ಬೊಬ್ಬ ಡಾಕ್ಟರ ತಲೆ ಮೇಲೆ ಎರಡು ಸಾವಿರ ಪೇಷಂಟುಗಳು.

ಕೊನೆಗೆ ಡೈರೆಕ್ಟ್ ಪ್ರೈಮರಿ ಕೇರ್ ಅನ್ನುವ, ತಿಂಗಳ ಫೀಸಿನ ಪದ್ಧತಿಯ ಕ್ಲಿನಿಕ್ಕಿಗೆ ಸೇರಿದೆ. ತಿಂಗಳಿಗೆ 80 ಡಾಲರ್. ಇನ್ಶೂರೆನ್ಸ್ ಬಿಲ್ ಮಾಡುವುದೇ ಇಲ್ಲ. ಇಂಥ ಡಾಕ್ಟರುಗಳು ಆರೇಳುನೂರು ಜನರನ್ನು ಮಾತ್ರ ಇಟ್ಟುಕೊಳ್ಳುತ್ತಾರೆ. ಮೊದಲ ದಿನ ಒಂದು ಗಂಟೆ ಕೂರಿಸಿ ಮಾತಾಡಿದರು. ಬೆಳಗ್ಗೆ ಏನು ತಿಂತೀರಿ, ಎಷ್ಟು ಗಂಟೆಗೆ ಮಲಗ್ತೀರಿ, ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಎಷ್ಟು ವರ್ಷದಿಂದ? ಎಂಟು ವರ್ಷ ಅಂದೆ. ಮಾಂಸ, ಮೊಟ್ಟೆ? ಇಲ್ಲ ಅಂದೆ. ತಕ್ಷಣ ವಿಟಮಿನ್ ಬಿ12 ಟೆಸ್ಟ್ ಬರೆದರು. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಂಡರೆ ಬಿ12 ಕಮ್ಮಿಯಾಗಬಹುದು, ಅದರ ಮೇಲೆ ನಾನು ಸಸ್ಯಾಹಾರಿ. ರಿಪೋರ್ಟ್ ನೋಡಿದರೆ ಪಾತಾಳದಲ್ಲಿತ್ತು. ಮಾತ್ರೆ ಶುರು ಮಾಡಿ ನಾಲ್ಕು ತಿಂಗಳಿಗೆ ಜೋಮು ಮುಕ್ಕಾಲು ಪಾಲು ಇಳಿಯಿತು.

ಆ ಡಾಕ್ಟರು ಫಂಕ್ಷನಲ್ ಮೆಡಿಸಿನ್ ಕಲಿತವರು. ಹೆಸರು ಕೇಳಿದರೇ ಮೂಗು ಮುರಿಯುವವರಿದ್ದಾರೆ. ಜೆಫ್ರಿ ಬ್ಲ್ಯಾಂಡ್ ಮತ್ತು ಜೊತೆಯವರು 1991ರಲ್ಲಿ ಇದಕ್ಕೊಂದು ಸಂಸ್ಥೆ ಕಟ್ಟಿದರು. ರೋಗದ ಹೆಸರಿಗಿಂತ ಅದರ ಬೇರನ್ನು ಹುಡುಕು, ಊಟ, ನಿದ್ದೆ, ಒತ್ತಡ ಎಲ್ಲ ಕೇಳು ಅನ್ನುವುದು ಅವರ ಮಾತು. ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಂಥ ದೊಡ್ಡ ಆಸ್ಪತ್ರೆಯೇ 2014ರಲ್ಲಿ ಇದಕ್ಕೆ ಪ್ರತ್ಯೇಕ ವಿಭಾಗ ತೆರೆಯಿತು. 2019ರಲ್ಲಿ ಅಲ್ಲಿಂದ ಬಂದ ಅಧ್ಯಯನದಲ್ಲಿ, ಆ ವಿಭಾಗಕ್ಕೆ ಹೋದವರು ಆರು ತಿಂಗಳಲ್ಲಿ ಮಾಮೂಲಿ ಫ್ಯಾಮಿಲಿ ಕ್ಲಿನಿಕ್‌ಗೆ ಹೋದವರಿಗಿಂತ ಚೆನ್ನಾಗಿದ್ದೇವೆ ಅಂದಿದ್ದರು.

ಈ ತಿಂಗಳ ಫೀಸಿನ ಪದ್ಧತಿ ಶ್ರೀಮಂತರ ಚಟ ಅನ್ನುತ್ತಾರೆ. ಶುರುವಾದದ್ದು ಹಾಗೇ, ನಿಜ. 1996ರಲ್ಲಿ ಸಿಯಾಟಲ್‌ನಲ್ಲಿ ಎಂಡಿ ಸ್ಕ್ವೇರ್ಡ್ ಅನ್ನುವ ಕ್ಲಿನಿಕ್ ಶುರುವಾದಾಗ ಅದು ದುಡ್ಡಿದ್ದವರಿಗೇ ಇತ್ತು. ಅದೇ ಊರಲ್ಲಿ 2007ರಲ್ಲಿ ಕ್ಲಯನ್ಸ್ ಅನ್ನುವ ಕಂಪನಿ, ದುಡಿಯುವ ಜನಕ್ಕೂ ಕೈಗೆಟುಕುವ ತಿಂಗಳ ಫೀಸಿಗೆ ಇದನ್ನು ತಂದಿತು. ಈಗ ಸರ್ಕಾರವೂ ಒಂಚೂರು ದಾರಿ ಬಿಟ್ಟಿದೆ. 2026ರ ಜನವರಿಯಿಂದ, ಒಬ್ಬರಿಗೆ ತಿಂಗಳಿಗೆ 150 ಡಾಲರ್, ಸಂಸಾರಕ್ಕೆ 300 ಡಾಲರ್ ಒಳಗಿದ್ದರೆ ಈ ಫೀಸನ್ನು ಎಚ್‌ಎಸ್‌ಎ ಖಾತೆಯಿಂದಲೇ, ಅಂದರೆ ವೈದ್ಯಕೀಯ ಖರ್ಚಿಗೆ ಅಂತ ತೆರಿಗೆಯಿಲ್ಲದೆ ದುಡ್ಡು ಕೂಡಿಡುವ ಖಾತೆಯಿಂದಲೇ, ಕಟ್ಟಬಹುದು.

ನಮ್ಮ ಸಾಗರದ ಡಾಕ್ಟರು ನಾಡಿ ಹಿಡಿಯುತ್ತಲೇ "ಅಪ್ಪನ ಕೆಮ್ಮು ಹೇಗಿದೆ, ಅಡಿಕೆ ಸುಲಿತ ಮುಗೀತಾ" ಅಂತ ಕೇಳುತ್ತಿದ್ದರು. ಮೂವತ್ತು ವರ್ಷ ಆದಮೇಲೆ ಅಂಥ ಮಾತು ಮತ್ತೆ ಕೇಳಿದೆ. ಅದಕ್ಕೆ 80 ಡಾಲರ್ ಕೊಡಬೇಕಾಯಿತು, ಕೊಟ್ಟೆ.

ವಿರೋಧ: ಔಷಧಿ ಬರೆಯುವವರೇ ಅಂಗಡಿ ಇಟ್ಟರೆ?

ಬಿ12 ಕಥೆ ಓದಿ ಖುಷಿಯಾಯಿತು, ಆದರೆ ಒಂದು ಮಾತು. ಮೆಟ್‌ಫಾರ್ಮಿನ್ ತಗೊಳ್ಳುವವರಿಗೆ ಆಗಾಗ ಬಿ12 ನೋಡಿ ಅಂತ ಅಮೆರಿಕದ ಡಯಾಬಿಟಿಸ್ ಸಂಘದ ಮಾರ್ಗಸೂಚಿಯೇ ಹೇಳುತ್ತದೆ. ಅದು ಮಾಮೂಲಿ ವೈದ್ಯಶಾಸ್ತ್ರ. ಅದರಲ್ಲಿ ಫಂಕ್ಷನಲ್ ಏನೂ ಇಲ್ಲ. ಬೇಕಿದ್ದದ್ದು ಸಮಾಧಾನವಾಗಿ ಕೂತು ಕೇಳುವ ಡಾಕ್ಟರು, ಸಿಕ್ಕಿದರು.

ನಮ್ಮ ಮನೆಯಲ್ಲಿ ಸಿಕ್ಕಿದ್ದು ಬೇರೆ. ನನ್ನ ಹೆಂಡತಿಗೆ ಯಾವಾಗಲೂ ಸುಸ್ತು. ನಾವೂ ಇಂಥದ್ದೇ ಒಂದು ಕಡೆ ಸೇರಿದೆವು, ಫೀಸು ಇನ್ನೂ ಜಾಸ್ತಿ. ಒಂದು ಗಂಟೆ ಮಾತಾಡಿದರು, ಅದು ಚೆನ್ನಾಗಿತ್ತು. ಆಮೇಲೆ ಹದಿನಾರು ಟ್ಯೂಬ್ ರಕ್ತ. ರಿಪೋರ್ಟ್ ಬಂತು: ಮೊಸರು ಬಿಡಿ, ಗೋಧಿ ಬಿಡಿ, ತೊಗರಿಬೇಳೆ ಬಿಡಿ, ಕಡಲೆಕಾಯಿ ಬಿಡಿ. ಫೋನಿನಲ್ಲಿ ನಮ್ಮತ್ತೆ "ಹಾಗಾದ್ರೆ ಇನ್ನು ತಿನ್ನೋದೇನಪ್ಪ, ಗಾಳಿನಾ?" ಅಂದರು.

ಈ ಟೆಸ್ಟಿನ ಹೆಸರು ಐಜಿಜಿ ಫುಡ್ ಸೆನ್ಸಿಟಿವಿಟಿ. ಐಜಿಜಿ ಅಂದರೆ ರಕ್ತದಲ್ಲಿರುವ ಒಂದು ಬಗೆಯ ಪ್ರತಿಕಾಯ (ಆ್ಯಂಟಿಬಾಡಿ). ಇದನ್ನು ನಂಬಬೇಡಿ ಅಂತ ಅಮೆರಿಕ, ಕೆನಡಾದ ಅಲರ್ಜಿ ತಜ್ಞರ ಸಂಘಗಳೇ ಹೇಳಿವೆ. ನಾವು ದಿನಾ ತಿನ್ನುವ ಪದಾರ್ಥಕ್ಕೆ ಮೈಯಲ್ಲಿ ಐಜಿಜಿ ಇರುವುದು ಸಹಜ. ಅಂದರೆ ಆ ಪಟ್ಟಿ ತೋರಿಸಿದ್ದು ಅವಳ ಕಾಯಿಲೆಯನ್ನಲ್ಲ, ನಮ್ಮ ಅಡುಗೆಮನೆಯನ್ನು! ಜೊತೆಗೆ "ಅಡ್ರಿನಲ್ ಫಟೀಗ್", ಅಂದರೆ ಅಡ್ರಿನಲ್ ಗ್ರಂಥಿ ದಣಿದಿದೆ, ಅಂತ ಬೇರೆ ಬರೆದರು. ಅಂಥದೊಂದು ಕಾಯಿಲೆಯೇ ಇಲ್ಲ ಅಂತ ಹಾರ್ಮೋನ್ ತಜ್ಞರ ಎಂಡೋಕ್ರೈನ್ ಸೊಸೈಟಿ ಹೇಳುತ್ತದೆ.

ಆಮೇಲೆ ಬಂತು ಕ್ಯಾಪ್ಸೂಲುಗಳ ಸಾಲು, ಅದೇ ಕ್ಲಿನಿಕ್ಕಿನ ಕೌಂಟರಿನಲ್ಲಿ, ಅವರದೇ ಲೇಬಲ್ ಹಾಕಿ. ಅದರಲ್ಲಿ ಒಂದು ಅರಿಶಿನದ್ದು. ಅರಿಶಿನ ಏನು ಮಾಡುತ್ತೆ, ನಾವು ಹುಟ್ಟಿದಾಗಿಂದ ತಿಂದಿಲ್ವಾ ಅಂತ ನಾನೇ ಅಂದಿದ್ದೆ. ಸಾರಿಗೆ ಹಾಕುವ ಚಿಟಿಕೆ ಬೇರೆ, ಅದರ ಸಾರ ತೆಗೆದು, ಮೈಗೆ ಜಾಸ್ತಿ ಹಿಡಿಯಲಿ ಅಂತ ಕರಿಮೆಣಸಿನ ಪೈಪರಿನ್ ಸೇರಿಸಿ ಕ್ಯಾಪ್ಸೂಲ್ ಮಾಡುವುದು ಬೇರೆ. ಇಂಥವುಗಳಿಂದ ಲಿವರ್ ಕೆಟ್ಟ ಪ್ರಕರಣಗಳು ಅಮೆರಿಕದಲ್ಲಿ ದಾಖಲಾಗಿವೆ. ಎರಡು ತಿಂಗಳಿಗೆ ಅವಳ ಲಿವರ್ ಎನ್‌ಜೈಮ್ ಏರಿತು. ಕಂಡುಹಿಡಿದದ್ದು ಹಳೇ ಇನ್ಶೂರೆನ್ಸ್ ಡಾಕ್ಟರು, ಹದಿನೈದು ನಿಮಿಷದವರು. ನಿಲ್ಲಿಸಿದ ಮೇಲೆ ಇಳಿಯಿತು. 1994ರ ಕಾನೂನಿನ ಪ್ರಕಾರ ಇಲ್ಲಿ ಸಪ್ಲಿಮೆಂಟ್ ಮಾರುವ ಮೊದಲು ಔಷಧಿ, ಆಹಾರ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಬೇಕಾಗಿಲ್ಲ. ಹೀಗಿರುವಾಗ ಬರೆಯುವ ಕೈ, ಮಾರುವ ಕೈ ಎರಡೂ ಒಂದೇ ಆದರೆ ಪೇಷಂಟ್ ಯಾರನ್ನು ಕೇಳಬೇಕು?

ಕ್ಲೀವ್‌ಲ್ಯಾಂಡ್ ಅಧ್ಯಯನದಲ್ಲಿ ಪೇಷಂಟುಗಳನ್ನು ಚೀಟಿ ಎತ್ತಿ ಹಂಚಿರಲಿಲ್ಲ. ಅಲ್ಲಿಗೆ ಹೋದವರು ತಾವಾಗೇ ಆರಿಸಿಕೊಂಡು ಹೋದವರು. ಹುರುಪಿನಿಂದ ಹೋದವರು ಚೆನ್ನಾಗಿದ್ದೇನೆ ಅಂದರೆ ಅದು ಔಷಧದ ಗುಣವೋ ಹುರುಪಿನದೋ?

ದುಡ್ಡಿನ ಮಾತಿಗೆ ಬಂದರೆ, ತಿಂಗಳ ಫೀಸು ಇನ್ಶೂರೆನ್ಸ್ ಅಲ್ಲ. ಅಪೆಂಡಿಕ್ಸ್ ಒಡೆದರೆ ಆ 80 ಡಾಲರ್ ಡಾಕ್ಟರು ನಿಮ್ಮನ್ನು ಆಸ್ಪತ್ರೆಗೆ ಕಳಿಸಬಹುದು, ಅಷ್ಟೇ. ಹಾಗಾಗಿ ಎರಡೂ ಕಡೆ ಕಟ್ಟುತ್ತಿರಬೇಕು. ಕ್ಲಯನ್ಸ್ 2017ರಲ್ಲಿ ಬಾಗಿಲು ಹಾಕಿತು ಅನ್ನುವುದನ್ನು ಮೇಲೆ ಹೇಳಲಿಲ್ಲ, ಅಲ್ವಾ? ಫಾರ್ವರ್ಡ್ ಅನ್ನುವ ಇನ್ನೊಂದು ಮೆಂಬರ್‌ಶಿಪ್ ಕಂಪನಿ 2024ರ ನವೆಂಬರಿನಲ್ಲಿ ದಿಢೀರ್ ಅಂತ ಮುಚ್ಚಿತು.

ಇನ್ನು ಎರಡು ಸಾವಿರ ಜನರನ್ನು ನೋಡುತ್ತಿದ್ದ ಡಾಕ್ಟರು ಆರುನೂರಕ್ಕೆ ಇಳಿದರೆ ಉಳಿದ ಸಾವಿರದ ನಾನೂರು ಜನ ಎಲ್ಲಿಗೆ ಹೋಗಬೇಕು? 2036ರ ಹೊತ್ತಿಗೆ 86,000 ಡಾಕ್ಟರುಗಳ ತನಕ ಕೊರತೆ ಬೀಳಬಹುದು ಅಂತ ಇಲ್ಲಿನ ವೈದ್ಯಕೀಯ ಕಾಲೇಜುಗಳ ಸಂಘದ ಅಂದಾಜು. ಸಾಗರದ ಆ ಡಾಕ್ಟರ ಬಾಗಿಲಲ್ಲಿ ಮೆಂಬರ್ ಪಟ್ಟಿ ಇತ್ತಾ? ಬೆಂಚಿನ ಮೇಲೆ ಕೂತವರನ್ನೆಲ್ಲ ನೋಡಿಯೇ ಊಟಕ್ಕೆ ಏಳುತ್ತಿದ್ದರಲ್ಲ, ಅದೂ ಅವರ ಗುಣವೇ.

ನಮ್ಮ ಮನೆಗೆ ಮೊಸರು ವಾಪಸ್ ಬಂದಿದೆ. ಅರಿಶಿನದ ಕ್ಯಾಪ್ಸೂಲ್ ಡಬ್ಬಿ ಮಾತ್ರ ಇನ್ನೂ ಕಪಾಟಿನಲ್ಲೇ ಇದೆ. 64 ಡಾಲರ್ ಕೊಟ್ಟದ್ದು, ಎಸೆಯೋಕೆ ಅವಳಿಗೆ ಕೈ ಬರುತ್ತಿಲ್ಲ.