ಆಂಟಿ, ಮಗಳನ್ನ ಕರ್ಕೊಂಡು ಹೋಗೋಕೆ ಬಂದ್ರಾ?

ಹೋದ ಡಿಸೆಂಬರಲ್ಲಿ ಬರ್ಲಿನ್ನಿಂದ ಊರಿಗೆ, ಅಂದ್ರೆ ಸಾಗರಕ್ಕೆ ಹೋಗೋ ಮುಂಚೆ ನಾಲ್ಕು ದಿನ ಬೆಂಗಳೂರಲ್ಲಿ ಅಕ್ಕನ ಮನೇಲಿದ್ದೆ. ಶನಿವಾರ ರಾತ್ರಿ ಒಂದು ಕ್ಲಬ್ಬಲ್ಲಿ ಒಳ್ಳೆ ಟೆಕ್ನೋ, ಅದೇ ಕುಣಿಯೋಕೆ ಹಾಕೋ ಎಲೆಕ್ಟ್ರಾನಿಕ್ ಮ್ಯೂಸಿಕ್ಕು, ಇದೆ ಅಂತ ಗೊತ್ತಾಯ್ತು, ಟಿಕೆಟ್ ತಗೊಂಡು ಒಬ್ಳೇ ಹೋದೆ. ಬಾಗಿಲಲ್ಲಿ ನಿಂತಿದ್ದ ಹುಡುಗನಿಗೆ ಇಪ್ಪತ್ತೈದು ಇರಬಹುದು, ತುಂಬಾ ಮರ್ಯಾದೆಯಿಂದಲೇ ಕೇಳಿದ, "ಆಂಟಿ, ಮಗಳನ್ನ ಕರ್ಕೊಂಡು ಹೋಗೋಕೆ ಬಂದ್ರಾ? ಹೆಸ್ರು ಹೇಳಿ, ಒಳಗೆ ಹೇಳಿ ಕಳಿಸ್ತೀನಿ."

ನನಗೆ ಮಗಳಿಲ್ಲ. ಫೋನಲ್ಲಿದ್ದ ಟಿಕೆಟ್ ತೋರಿಸಿದೆ. ಪಾಪ ಅವನಿಗೇ ಮುಜುಗರ ಆಯ್ತು, ಸಾರಿ ಸಾರಿ ಅಂತ ಬಾಗಿಲು ತೆಗೆದ. ಒಳಗೆ ಹೋದೆ, ಮ್ಯೂಸಿಕ್ಕು ನಿಜವಾಗ್ಲೂ ಚೆನ್ನಾಗಿತ್ತು, ಆದ್ರೆ ಆ ಪ್ರಶ್ನೆ ನನ್ ಜೊತೆಗೇ ಒಳಗೆ ಬಂದಿತ್ತು, ಒಂದು ಗಂಟೆಗಿಂತ ಜಾಸ್ತಿ ನಿಲ್ಲೋಕಾಗ್ಲಿಲ್ಲ. ಮನೆಗೆ ಬಂದು ಅಕ್ಕನಿಗೆ ಹೇಳಿದ್ರೆ ಅವಳು "ಅವ್ನು ಕೇಳಿದ್ರಲ್ಲಿ ತಪ್ಪೇನಿದೆ ಮಾರಾಯ್ತಿ, ಐವತ್ತೊಂದಾಯ್ತು ನಿಂಗೆ, ಕುಣಿದಿದ್ದು ಸಾಕಲ್ವಾ" ಅಂದ್ಲು. ಆ "ಸಾಕಲ್ವಾ" ಇನ್ನೂ ಚುಚ್ತಾ ಇದೆ, ಅದಕ್ಕೇ ಬರೀತಿದ್ದೀನಿ.

ನಾನು ಬರ್ಲಿನ್ನಿಗೆ ಬಂದಿದ್ದು 2003ರಲ್ಲಿ. ಮಾರನೇ ವರ್ಷ ಆಫೀಸಿನವರ ಜೊತೆ ಮೊದಲ ಸಲ ಟ್ರೆಸೋರ್ ಅನ್ನೋ ಟೆಕ್ನೋ ಕ್ಲಬ್ಬಿಗೆ ಹೋದೆ, ಆಗ ಅದಿನ್ನೂ ಲೈಪ್‌ಜಿಗರ್ ರಸ್ತೆಯ ಹಳೇ ಜಾಗದಲ್ಲೇ ಇತ್ತು. ಯುದ್ಧಕ್ಕೆ ಮುಂಚೆ ಅಲ್ಲಿ ವೆರ್ಟ್‌ಹೈಮ್ ಅಂತ ದೊಡ್ಡ ಅಂಗಡಿ ಇತ್ತಂತೆ, ಅದರ ನೆಲಮಾಳಿಗೆಯ ತಿಜೋರಿ ಕೋಣೆಯಲ್ಲಿ 1991ರಲ್ಲಿ ಕ್ಲಬ್ ಶುರುವಾಗಿದ್ದು. ತಗ್ಗು ಸೂರು, ತುಕ್ಕು ಹಿಡಿದ ಲಾಕರ್ ಪೆಟ್ಟಿಗೆಗಳು, ಹೊಗೆ, ಸ್ಟ್ರೋಬ್ ಲೈಟು, ಪಕ್ಕದವರ ಮುಖ ಕಾಣದಷ್ಟು ಕತ್ತಲೆ. ಆವತ್ತು ನಂಗೆ ಮೊದಲು ನೆನಪಾಗಿದ್ದು ಊರಿನ ಟೆಂಟ್ ಆಟ, ಅಂದ್ರೆ ಟೆಂಟಲ್ಲಿ ರಾತ್ರಿಯಿಡೀ ನಡೆಯೋ ಯಕ್ಷಗಾನ. ಚಂಡೆ ಪೆಟ್ಟು ಎದೆಗೆ ಬಂದು ಬೀಳುತ್ತಲ್ಲ, ಅದೇ ಥರ.

ಇಪ್ಪತ್ತೆರಡು ವರ್ಷ ಆಯ್ತು, ಹೋಗೋದು ಬಿಟ್ಟಿಲ್ಲ. ಹೋಗೋ ರೀತಿ ಮಾತ್ರ ಬದಲಾಗಿದೆ. ಮೂವತ್ತರಲ್ಲಿ ರಾತ್ರಿ ಒಂದಕ್ಕೆ ಹೊರಟು ಮಧ್ಯಾಹ್ನ ಮನೆ ಸೇರ್ತಿದ್ದೆ. ಈಗ ಶನಿವಾರ ರಾತ್ರಿ ಹತ್ತಕ್ಕೆ ಮಲಗ್ತೀನಿ, ಭಾನುವಾರ ಬೆಳಿಗ್ಗೆ ಎದ್ದು ಸ್ನಾನ ಮಾಡಿ, ಒಗ್ಗರಣೆ ಅವಲಕ್ಕಿ ತಿಂದು, ಮೊಣಕಾಲಿಗೆ ಪಟ್ಟಿ ಕಟ್ಕೊಂಡು, ಕಿವಿಗೆ ಅಳತೆ ಕೊಟ್ಟು ಮಾಡಿಸಿದ ಇಯರ್‌ಪ್ಲಗ್ ಜೇಬಲ್ಲಿಟ್ಕೊಂಡು ಬೆರ್ಗ್‌ಹೈನ್‌ಗೆ ಹೊರಡ್ತೀನಿ. ಅದು ಹಳೇ ವಿದ್ಯುತ್ ಸ್ಥಾವರದ ಕಟ್ಟಡದಲ್ಲಿರೋ ಟೆಕ್ನೋ ಕ್ಲಬ್ಬು, 2004ರಿಂದ ನಡೀತಿದೆ, ಶನಿವಾರ ರಾತ್ರಿ ಶುರುವಾದ್ರೆ ಸೋಮವಾರ ಬೆಳಿಗ್ಗೆ ತನಕ ನಿಲ್ಲಲ್ಲ, ಹಾಗಾಗಿ ಬೆಳಿಗ್ಗೆ ಹೋಗೋದು ತಡ ಅಂತಾನೂ ಆಗಲ್ಲ. ಬೆಳಿಗ್ಗೆ ಬರೋರಲ್ಲಿ ನನ್ನ ವಯಸ್ಸಿನವರು ಬೇಕಾದಷ್ಟಿದ್ದಾರೆ, ಚೆನ್ನಾಗಿ ನಿದ್ದೆ ಮಾಡಿ, ತಿಂಡಿ ತಿಂದು ಬಂದಿರ್ತಾರೆ. ಫೋನಿನ ಕ್ಯಾಮೆರಾ ಮೇಲೆ ಬಾಗಿಲಲ್ಲೇ ಸ್ಟಿಕ್ಕರ್ ಅಂಟಿಸ್ತಾರೆ, ಹಾಗಾಗಿ ನನ್ನ ಕುಣಿತ ಯಾವ ಫ್ಯಾಮಿಲಿ ಗ್ರೂಪಿಗೂ ಹೋಗಲ್ಲ. ಮೇಲಿನ ಪನೋರಮಾ ಬಾರಲ್ಲಿ ಕಿಟಕಿಗಳ ಪರದೆಗಳನ್ನ ಹಾಡಿನ ಏರಿಗೆ ಸರಿಯಾಗಿ ಒಂದೇ ಒಂದು ಕ್ಷಣ ತೆಗೆದು ಮುಚ್ತಾರೆ, ಒಳಗೆಲ್ಲ ಬಿಸಿಲು ನುಗ್ಗುತ್ತೆ, ಇಡೀ ಹಾಲ್ ಒಟ್ಟಿಗೆ ಕೂಗುತ್ತೆ. ಆ ಬಿಸಿಲಲ್ಲಿ ಸುತ್ತ ನೋಡಿದ್ರೆ ಇಪ್ಪತ್ತರವರೂ ಕಾಣ್ತಾರೆ, ನೆರೆತ ಕೂದಲಿನವರೂ ಕಾಣ್ತಾರೆ. ಅಷ್ಟು ವರ್ಷದಲ್ಲಿ ನನ್ನ ವಯಸ್ಸು ಒಬ್ಬರೂ ಕೇಳಿಲ್ಲ.

ಆ ಬಾಗಿಲಿನ ಬೌನ್ಸರ್ ಸ್ವೆನ್ ಮಾರ್ಕ್ವಾರ್ಟ್ ಲೋಕಕ್ಕೆಲ್ಲ ಹೆಸರುವಾಸಿ, ಹುಟ್ಟಿದ್ದು 1962ರಲ್ಲಿ. ಪೂರ್ವ ಬರ್ಲಿನ್ನಿನವರು, ಫೋಟೋಗ್ರಾಫರ್ ಕೂಡ. ಅರವತ್ತು ದಾಟಿದವರೇ ಬಾಗಿಲು ಕಾಯ್ತಾ ಇದ್ರೆ ಐವತ್ತೊಂದರ ಹೆಂಗಸನ್ನ ನೋಡಿ ಯಾರಿಗೆ ಆಶ್ಚರ್ಯ ಆಗಬೇಕು? 1989ರ ಬೇಸಿಗೆಯಲ್ಲಿ ಡಾಕ್ಟರ್ ಮೋಟ್ಟೆ ಅನ್ನೋ ಡಿಜೆ ಲವ್ ಪರೇಡ್ ಅನ್ನೋ ಟೆಕ್ನೋ ಮೆರವಣಿಗೆ ಶುರು ಮಾಡಿದಾಗ ರಸ್ತೇಲಿ ಕುಣಿದವರು ಸುಮಾರು ನೂರೈವತ್ತು ಜನ. ನವೆಂಬರಲ್ಲಿ ಬರ್ಲಿನ್ ಗೋಡೆ ಬಿತ್ತು, ಪೂರ್ವದ ಖಾಲಿ ಕಾರ್ಖಾನೆ, ಗೋಡೌನುಗಳಲ್ಲೆಲ್ಲ ಎರಡೂ ಕಡೆಯ ಹುಡುಗರು ಒಟ್ಟಿಗೆ ಕುಣಿಯೋಕೆ ಶುರು ಮಾಡಿದ್ರು. ಆಗ ಇಪ್ಪತ್ತು ವರ್ಷ ಇದ್ದವರಿಗೆ ಈಗ ಐವತ್ತೈದು ದಾಟಿದೆ. ಮ್ಯೂಸಿಕ್ಕಿಗೂ ಅವರ ಜೊತೇಲೇ ವಯಸ್ಸಾಯ್ತು. 2024ರಲ್ಲಿ ಜರ್ಮನಿಯವರು ಬರ್ಲಿನ್ ಟೆಕ್ನೋನ ತಮ್ಮ ದೇಶದ ಅಮೂರ್ತ ಸಾಂಸ್ಕೃತಿಕ ಪರಂಪರೆಯ ಪಟ್ಟಿಗೆ ಸೇರಿಸಿದ್ರು. ನಾನು ಅದನ್ನ ಓದಿ ಅಕ್ಕನಿಗೆ ಕಳಿಸಿದ್ದೆ, ಅವಳು ಹೆಬ್ಬೆರಳು ಕಳಿಸಿದ್ಲು.

ಬೆಂಗಳೂರಲ್ಲಿ ಹೀಗಾಗ್ಲಿಲ್ಲ ಅನ್ನೋದೇ ನನ್ನ ಸಂಕಟ. ನಾನೂ 1996ರಿಂದ ಏಳು ವರ್ಷ ಆ ಊರಲ್ಲಿ ಕೆಲಸ ಮಾಡಿದವಳು, ಚರ್ಚ್ ಸ್ಟ್ರೀಟ್, ಬ್ರಿಗೇಡ್ ರೋಡಲ್ಲಿ ಕುಣಿದವಳು. ನಮ್ ಗುಂಪಲ್ಲಿ ಹನ್ನೊಂದು ಜನ ಇದ್ವಿ. ಆಮೇಲೆ ರಾತ್ರಿ ಹನ್ನೊಂದೂವರೆಗೆ ಎಲ್ಲ ಮುಚ್ಚಬೇಕು ಅಂತಾಯ್ತು, 2008ರಲ್ಲಿ ಬೇರೆ ಲೈಸೆನ್ಸ್ ಇಲ್ಲ ಅಂತ ಪೊಲೀಸರು ಪಬ್ಬುಗಳಲ್ಲಿ ಕುಣಿಯೋದನ್ನೇ ನಿಲ್ಲಿಸಿದ್ರು. ವಾರದ ಕೊನೇಲಿ ಒಂದು ಗಂಟೆ ತನಕ ಅಂತ ಆಗಿದ್ದು 2014ರಲ್ಲಿ. ಅಷ್ಟರಲ್ಲಿ ನಮ್ ಹನ್ನೊಂದು ಜನಕ್ಕೂ ನಲವತ್ತರ ಹತ್ತಿರ ಆಗಿತ್ತು, ಮದುವೆ, ಮನೆ ಸಾಲ, ಮಕ್ಕಳ ಟ್ಯೂಶನ್ನು. ಕುಣಿತಾ ಕುಣಿತಾ ವಯಸ್ಸಾಗೋಕೆ ಒಂದು ಜಾಗಾನೇ ಉಳಿದಿರ್ಲಿಲ್ಲ. ಪಶ್ಚಿಮ ಬರ್ಲಿನ್ನಲ್ಲಿ ಬಾರು ಮುಚ್ಚೋ ಟೈಮು ಅನ್ನೋದನ್ನೇ 1949ರಲ್ಲಿ ತೆಗೆದು ಹಾಕಿದಾರೆ. ಬೆಂಗಳೂರಿನ ಆ ಬಾಗಿಲ ಹುಡುಗ ತನ್ನ ಜನ್ಮದಲ್ಲಿ ಕುಣಿಯೋಕೆ ಬಂದ ಐವತ್ತರ ಹೆಂಗಸನ್ನ ನೋಡೇ ಇರಲಿಕ್ಕಿಲ್ಲ, ಅವನ ಮೇಲೆ ನಂಗೆ ಸಿಟ್ಟಿಲ್ಲ.

ಸಿಟ್ಟು ಬರೋದು "ಈ ವಯಸ್ಸಲ್ಲಿ ಕುಣಿಯೋದು ನಮ್ ಸಂಸ್ಕೃತಿ ಅಲ್ಲ" ಅನ್ನೋರ ಮೇಲೆ. ಯಕ್ಷಗಾನ ಕಲಾವಿದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಹುಟ್ಟಿದ್ದು 1933ರಲ್ಲಿ, ತೀರಿಕೊಂಡಿದ್ದು 2017ರಲ್ಲಿ, ಎಂಬತ್ತು ದಾಟಿದ ಮೇಲೂ ಗೆಜ್ಜೆ ಕಟ್ತಿದ್ರು. ಅವರ ಭಸ್ಮಾಸುರನನ್ನ ನಾನು ನೋಡಿದಾಗ ಅವರಿಗೆ ಆಗಲೇ ಅರವತ್ತಾಗಿತ್ತು, ಏರುಪದ್ಯಕ್ಕೆ ಅವರು ಕುಣಿಯೋವಾಗ ನಮ್ ಸಾಲಲ್ಲಿ ಕೂತ ಹುಡುಗರಿಗೇ ಉಸಿರು ಕಟ್ತಿತ್ತು. ಯಾರಾದ್ರೂ ಹೋಗಿ ವೇಷ ಕಟ್ಟೋ ಚೌಕಿ ಬಾಗಿಲಲ್ಲಿ ನಿಂತು ಸಾಕಲ್ವಾ ಅಂದ್ರಾ? 2012ರಲ್ಲಿ ಪದ್ಮಶ್ರೀ ಕೊಟ್ವಿ. ನಮ್ಮಮ್ಮ ಈಗ ಎಪ್ಪತ್ತೆಂಟು, ಕವಳದ ಚೀಲ, ಶಾಲು, ಒಂದು ಚಾಪೆ ಇಟ್ಕೊಂಡು ಆಟಕ್ಕೆ ಹೋಗಿ, ಕೊನೇಲಿ ಮಂಗಳ ಹಾಡೋ ತನಕ ಕೂತು ಬರೋಳು. ಇಡೀ ರಾತ್ರಿ ಎದ್ದಿರೋದು, ಬೆಳಗಾಗೋವಾಗ ಕಣ್ಣು ಉರಿ, ಕಿವೀಲಿ ಗುಂಯ್ ಅನ್ನೋದು, ಮೈಯೆಲ್ಲ ಹಗುರ, ಇದು ನಾನು ಜರ್ಮನಿಗೆ ಬಂದು ಕಲ್ತಿದ್ದಲ್ಲ.

ಆದ್ರೆ ಒಂದು ವಿಷಯ ಹೇಳದೇ ಬಿಟ್ರೆ ಸುಳ್ಳು ಹೇಳಿದ ಹಾಗಾಗುತ್ತೆ. ಮೂರು ವರ್ಷದ ಹಿಂದೆ ನಂಗೆ ಮೊಣಕಾಲಿನ ಆಪರೇಷನ್ ಆಯ್ತು, ನಾಲ್ಕು ತಿಂಗಳು ಎಲ್ಲೂ ಹೋಗ್ಲಿಲ್ಲ. ಎಷ್ಟೋ ಭಾನುವಾರ ಪಕ್ಕಪಕ್ಕ ಕುಣಿದವರು, ನೀರಿನ ಬಾಟಲಿ ಹಂಚ್ಕೊಂಡವರು, ತಬ್ಬಿಕೊಂಡವರು, ಒಬ್ಬರೂ ಎಲ್ಲಿ ಹೋದ್ಲು ಅಂತ ಹುಡುಕ್ಲಿಲ್ಲ. ವಾಪಸ್ ಹೋದಾಗ ತುಂಬಾ ಖುಷಿಯಿಂದ ಕೈ ಬೀಸಿದ್ರು, ಅಷ್ಟೇ. ಅರವತ್ಮೂರು ವರ್ಷದ ಒಬ್ಬ ನಿವೃತ್ತ ನರ್ಸ್ ಇದ್ದಾರೆ, 1991ರಿಂದ ಕುಣೀತಿದ್ದಾರೆ, ಮನೇಲಿ ಒಬ್ಬರೇ. ಅವರು ಆವತ್ತು ತಿಂಡಿ ಬ್ರೆಡ್ಡು ಕೈಗಿಟ್ಟು, "ನಾನು ಬರದೇ ಹೋದ್ರೂ ಇಲ್ಲಿ ಯಾರಿಗೂ ಗೊತ್ತಾಗಲ್ಲ" ಅಂದ್ರು. ಅದೇ ನಾಲ್ಕು ತಿಂಗಳಲ್ಲಿ ಊರ ಕಡೆಯಿಂದ ದಿನಾ ಫೋನು, ಅಮ್ಮ, ಅಕ್ಕ, ಪಕ್ಕದ ಮನೆ ಶಾರದತ್ತೆ ಕೂಡ. ಬಾವು ಇಳೀತಾ, ಯಾರು ಅಡುಗೆ ಮಾಡ್ತಾರೆ, ಈಗಾದ್ರೂ ವಾಪಸ್ ಬಂದ್ಬಿಡು. ವಯಸ್ಸು ಕೇಳೋರೇ ಕಾಲು ಹೇಗಿದೆ ಅಂತಾನೂ ಕೇಳೋದು, ಒಂದು ಬೇಕು ಇನ್ನೊಂದು ಬೇಡ ಅಂದ್ರೆ ಹೇಗೆ ಅಂತ ನಂಗೂ ಗೊತ್ತಿಲ್ಲ. ಇನ್ನೂ ಒಂದಿದೆ. ಬೆರ್ಗ್‌ಹೈನ್ ಬಾಗಿಲಲ್ಲಿ ವಯಸ್ಸು ಕೇಳಲ್ಲ ನಿಜ, ಆದ್ರೆ ಕಾರಣ ಹೇಳದೇ ಎಷ್ಟೋ ಜನರನ್ನ ವಾಪಸ್ ಕಳಿಸ್ತಾರೆ, ಎರಡು ಗಂಟೆ ಚಳೀಲಿ ನಿಂತು ತಿರುಗಿ ಹೋಗೋ ನಮ್ ಕಡೆ ಹುಡುಗರನ್ನ ಕಣ್ಣಾರೆ ನೋಡಿದ್ದೀನಿ. ಟೆಂಟಿನಲ್ಲಿ ತೊಟ್ಟಿಲ ಮಗುವಿಂದ ಅಜ್ಜಿ ತನಕ ಒಂದೇ ಕಡೆ ಇರ್ತಿದ್ವಿ. ಅದು ಬರ್ಲಿನ್ನಲ್ಲಿ ಎಲ್ಲೂ ಸಿಕ್ಕಿಲ್ಲ.

ಬೆಂಗಳೂರಿನ ಬಾಗಿಲ ಹುಡುಗನ ಕಥೆ ಅಮ್ಮನಿಗೂ ಹೇಳಿದ್ದೆ. ಅವಳು ಅಡಿಕೆ ಕತ್ತರಿಸ್ತಾ ಪೂರ್ತಿ ಕೇಳಿಸ್ಕೊಂಡು "ಅಲ್ಲಿ ಎಷ್ಟು ಹೊತ್ತು ಕುಣೀತೀ?" ಅಂದ್ಲು. ಐದು ಗಂಟೆ ಅಂದೆ. "ಮಧ್ಯ ಚಾ ಕೊಡ್ತಾರಾ?" ಕೊಡಲ್ಲ, ನಾವೇ ತಗೋಬೇಕು ಅಂದೆ. ಈಗ ಎಷ್ಟೋ ಮೇಳಗಳು ಕಾಲಮಿತಿ ಆಟಕ್ಕೆ ಬಂದು ಮಧ್ಯರಾತ್ರಿಗೇ ಮುಗಿಸ್ತಾರೆ, ಮನೆಗೆ ಬಂದು ನಿದ್ದೇನೂ ಬರಲ್ಲ, ಆಟಾನೂ ಇಲ್ಲ ಅಂತ ಬೇಜಾರು ಮಾಡ್ಕೊಂಡ್ಲು. ಮೈಕಿನ ಸೌಂಡು ಮಾತ್ರ ಈಗ ವಿಪರೀತ ಅಂತೆ. ಈ ಸಲ ಹೋಗೋವಾಗ ಅವಳಿಗೂ ಒಂದು ಜೊತೆ ಇಯರ್‌ಪ್ಲಗ್ ತಗೊಂಡು ಹೋಗ್ತಿದ್ದೀನಿ. ಬೆಳಗಿನ ತನಕ ಆಡೋ ಮೇಳ ಹತ್ತಿರದಲ್ಲಿ ಎಲ್ಲಿ ಬರುತ್ತೆ ಅಂತ ಶಾರದತ್ತೆ ವಿಚಾರಿಸಿ ಇಟ್ಟಿರ್ತಾರೆ.