ಓನರ್ ಸುಬೇದಾರರಾದರೆ

ಇವತ್ತು ಬೆಳಿಗ್ಗೆ ತಣ್ಣೀರಲ್ಲಿ ಸ್ನಾನ ಮಾಡಿದ್ದೇನೆ. ಬೆಳಗಾವಿಯ ಜುಲೈ ತಿಂಗಳ ತಣ್ಣೀರು. ಗೊತ್ತಿದ್ದವರಿಗೆ ಇಷ್ಟು ಹೇಳಿದರೆ ಸಾಕು, ಗೊತ್ತಿಲ್ಲದವರಿಗೆ ಎಷ್ಟು ಹೇಳಿದರೂ ಅಷ್ಟೆ. ಗೀಸರ್ ಕೆಲವು ದಿನಗಳಿಂದ ಉಗುರುಬೆಚ್ಚಗಿನ ನೀರು ಕೊಡುತ್ತಿತ್ತು. ಇವತ್ತು ಆ ಉಪಕಾರವನ್ನೂ ನಿಲ್ಲಿಸಿತು. ತಲೆ ಒರೆಸಿಕೊಳ್ಳುತ್ತಲೇ ಕೆಳಗಿಳಿದು ಹೋಗಿ ಮನೆ ಓನರ್‌ಗೆ ಹೇಳಿದೆ, "ಸರ್, ನೀರು ಬಿಸಿ ಆಗ್ತಿಲ್ಲ."

ಅವರು ಪೇಪರ್ ಮಡಚಿಟ್ಟರು. ಪೇಪರ್ ಮಡಚಿಟ್ಟರೆ ಕಥೆ ಶುರು ಅಂತ ಅರ್ಥ.

"ನೀರ ಬಿಸಿ ಆಗೂದು ಏನ್ ದೊಡ್ಡ ಮಾತ್ರೀ? ನಮ್ಮ ಫಸ್ಟ್ ಪೋಸ್ಟಿಂಗಿನ್ಯಾಗ ನೀರ ಕೊತಕೊತ ಕುದೀತಿತ್ತು, ಬ್ಯಾಳಿ ಬೇಯ್ತಿರ್ಲಿಲ್ಲ!"

ನಿಜ. ಎತ್ತರಕ್ಕೆ ಹೋದ ಹಾಗೆ ಗಾಳಿಯ ಒತ್ತಡ ಕಡಿಮೆಯಾಗುತ್ತದೆ. ಅವರ ಮೊದಲ ಪೋಸ್ಟಿಂಗ್ ಲಡಾಖ್. ಅಲ್ಲಿನ ಲೇಹ್ ಇರುವುದು ಹನ್ನೊಂದೂವರೆ ಸಾವಿರ ಅಡಿ ಮೇಲೆ. ಅಲ್ಲಿ ನೀರು 100 ಡಿಗ್ರಿ ತನಕ ಹೋಗುವುದೇ ಇಲ್ಲ, 88ರ ಆಸುಪಾಸಿನಲ್ಲೇ ಕುದಿಯುತ್ತದೆ. ಬೇಳೆಗೆ ಅಷ್ಟು ಶಾಖ ಸಾಲುವುದಿಲ್ಲ, ಕುಕ್ಕರೇ ಬೇಕು. ಹೈಸ್ಕೂಲಿನಲ್ಲಿ ನನ್ನ ತಲೆಗೆ ಹತ್ತದ ಈ ವಿಜ್ಞಾನವನ್ನು ಓನರ್ ಹತ್ತಿಸಿದರು. ಸಂತೋಷ. ಆದರೆ ಗೀಸರ್?

ನಮ್ಮ ಓನರ್ ರಿಟೈರ್ಡ್ ಸುಬೇದಾರ್. ಮರಾಠಾ ಲೈಟ್ ಇನ್‌ಫೆಂಟ್ರಿಯವರು. ಅಥಣಿ ಕಡೆಯ ಹಳ್ಳಿಯಿಂದ 1986ರಲ್ಲಿ ಬೆಳಗಾವಿ ಕ್ಯಾಂಪಿಗೆ ಬಂದು ಭರ್ತಿಯಾದವರು. ಈ ರೆಜಿಮೆಂಟಿನ ತರಬೇತಿ ಕೇಂದ್ರ 1922ರಿಂದ ಬೆಳಗಾವಿಯಲ್ಲೇ ಇದೆ. ಹಾಗಾಗಿ ಈ ಊರಿನಲ್ಲಿ, ಅದರಲ್ಲೂ ಕ್ಯಾಂಪಿನ ಸುತ್ತಮುತ್ತ, ಬಾಡಿಗೆ ಮನೆ ಹುಡುಕುವವರಿಗೆ ಮಾಜಿ ಸೈನಿಕರೊಬ್ಬರು ಓನರ್ ಆಗಿ ಸಿಗುವುದು ವಿಶೇಷವೇನಲ್ಲ. ಒಳ್ಳೆಯ ಜನ. ಅಂಗಳ ಸ್ವಚ್ಛ, ಗೇಟಿಗೆ ವರ್ಷಕ್ಕೊಂದು ಸಲ ಪೇಂಟ್, ಮಾತು ನೇರ. ಒಂದೇ ತೊಂದರೆ ಅಂದರೆ ಅವರ ಮುಂದೆ ನಮ್ಮ ಯಾವ ಕಷ್ಟವೂ ಕಷ್ಟ ಅಲ್ಲ.

ಕರೆಂಟ್ ಹೋಯಿತು ಎಂದರೆ ಬಂಕರಿನ ಬುಖಾರಿ, ಅಂದರೆ ಚಳಿ ಕಾಯಿಸುವ ಸೀಮೆಎಣ್ಣೆ ಒಲೆ, ಬರುತ್ತದೆ. ರಾತ್ರಿಯೆಲ್ಲ ಅದರ ಮುಂದೆ ಮಲಗಿ ಬೆಳಿಗ್ಗೆ ಮೂಗು ಒರೆಸಿದರೆ ಕರವಸ್ತ್ರ ಕರ್ರಗೆ. ನೆಟ್‌ವರ್ಕ್ ಸಿಗಲ್ಲ ಎಂದರೆ ಚಳಿಗಾಲದಲ್ಲಿ ಝೋಜಿಲಾ ಘಾಟಿ ಮುಚ್ಚಿ ತಿಂಗಳುಗಟ್ಟಲೆ ರಸ್ತೆಯೇ ಇಲ್ಲದಿದ್ದ ಆಗಿನ ಲಡಾಖಿನ ದ್ರಾಸ್ ಬರುತ್ತದೆ. ಚಳಿ ಜಾಸ್ತಿ ಅಂತೂ ಅನ್ನಲೇಬಾರದು. ನಾನು ಈ ಮನೆಗೆ ಬಂದ ಹೊಸದರಲ್ಲಿ ಅವರ ದ್ರಾಸ್‌ನಲ್ಲಿ ಮೈನಸ್ ಇಪ್ಪತ್ತು ಇತ್ತು. ಈಗ ಮೈನಸ್ ಮೂವತ್ತೈದಕ್ಕೆ ಬಂದು ನಿಂತಿದೆ. ಇಲ್ಲಿ ಬಾಡಿಗೆ ಏರಿದ ಹಾಗೆಲ್ಲ ಅಲ್ಲಿ ಪಾದರಸ ಇಳಿಯುತ್ತದೆ.

ನಾನು ಬ್ಯಾಂಕಿನವನು, ವರ್ಗವಾಗಿ ಬಂದವನು. ಸುಬೇದಾರರು ನನ್ನನ್ನು ಯಾರಿಗಾದರೂ ಪರಿಚಯಿಸುವಾಗ "ಇವರ್ದು ಪೀಸ್ ಪೋಸ್ಟಿಂಗ್" ಅನ್ನುತ್ತಾರೆ. ಸೈನ್ಯದಲ್ಲಿ ಜಾಗಗಳು ಎರಡೇ ಥರ. ಗಡಿಯ ಕಡೆ ಫೀಲ್ಡ್, ಊರಿನ ಕಡೆ ಪೀಸ್. ಮಾರ್ಚ್ 31ರ ರಾತ್ರಿ ಬ್ಯಾಂಕಿನಲ್ಲಿ ಕೂತು ಲೆಕ್ಕ ಹೊಂದಿಸುವವರನ್ನು ಯಾವ ಬಾಯಲ್ಲಿ ಪೀಸ್ ಅನ್ನುತ್ತಾರೋ ಗೊತ್ತಿಲ್ಲ.

ಹೋದ ವಾರ ಮಲಗುವ ಕೋಣೆಯ ಸೂರು ಸೋರತೊಡಗಿತು. ಹನಿ ನೇರವಾಗಿ ಮಂಚದ ಮೇಲೆ, ನನ್ನ ದಿಂಬಿನ ಮಗ್ಗುಲಿಗೆ. ಬಾಯಲ್ಲಿ ಹೇಳಿದರೆ ಕಥೆ ಆಗುತ್ತದೆ, ಕಣ್ಣಾರೆ ತೋರಿಸಿಬಿಡೋಣ ಅಂತ ಸುಬೇದಾರರನ್ನು ಮೇಲಕ್ಕೆ ಕರೆದೆ. ಮಂಕಿ ಕ್ಯಾಪ್ ಹಾಕಿಕೊಂಡು ಟಾರ್ಚ್ ಹಿಡಿದು ಬಂದರು. ಸೂರಿಗೆ ಬೆಳಕು ಬಿಟ್ಟು ಬಹಳ ಹೊತ್ತು ನೋಡಿದರು.

"ಎಂದಿಂದ ಸೋರಾಕತ್ತೇತಿ?"

"ಮೊನ್ನೆಯಿಂದ ಸರ್."

"ಹಂಗಾದ್ರ ಇನ್ನೂ ಟೈಮ್ ಐತಿ. ಆರ ದಿನಾ ಬೇಕ."

"ಪ್ಲಂಬರ್ ಬರೋದಕ್ಕಾ?"

"ಅಲ್ರೀ, ಮೈ ಒಗ್ಗಾಕ!"

ಎತ್ತರದ ಪೋಸ್ಟಿಗೆ ಹೊಸದಾಗಿ ಹೋದ ಸೈನಿಕನನ್ನು ಸೀದಾ ಮೇಲಕ್ಕೆ ಕಳಿಸುವುದಿಲ್ಲ. ಒಂಬತ್ತು ಸಾವಿರ ಅಡಿ ದಾಟಿದ ಮೇಲೆ ಮೊದಲು ಆರು ದಿನ ಅಲ್ಲೇ ಇರಬೇಕು. ಶುರುವಿನ ಎರಡು ದಿನ ಬರೀ ವಿಶ್ರಾಂತಿ, ಆಮೇಲೆ ನಿಧಾನ ನಡಿಗೆ. ಹನ್ನೆರಡು ಸಾವಿರ ದಾಟಿದರೆ ಇನ್ನು ನಾಲ್ಕು ದಿನ, ಹದಿನೈದು ದಾಟಿದರೆ ಮತ್ತೆ ನಾಲ್ಕು. ನನಗೇನಾಗುತ್ತೆ ಅಂತ ಅವಸರ ಮಾಡಿದ ಗಟ್ಟಿಮುಟ್ಟಾದ ಹುಡುಗರ ಶ್ವಾಸಕೋಶದಲ್ಲೇ ನೀರು ತುಂಬುತ್ತದೆ, ಜೀವ ಹೋಗುತ್ತದೆ. ಎಲ್ಲ ಸರಿ. ಆದರೆ ಬೆಳಗಾವಿ ಇರುವುದು ಎರಡೂವರೆ ಸಾವಿರ ಅಡಿ ಎತ್ತರದಲ್ಲಿ. ಅದನ್ನೇ ಹೇಳಿದೆ.

"ಅದಕ್ಕ ನಿಮಗ ರಿಯಾಯ್ತಿ. ನಾಕ ದಿನಾ ಸಾಕ" ಅಂದರು.

ಅಷ್ಟರಲ್ಲಿ ನನ್ನ ಹೆಂಡತಿ ಬಕೆಟ್ ತಂದಳು. ಅವಳು ಇಟ್ಟ ಜಾಗ ಸುಬೇದಾರರಿಗೆ ಒಪ್ಪಿಗೆಯಾಗಲಿಲ್ಲ. ಬಗ್ಗಿ ಎರಡು ಇಂಚು ಎಡಕ್ಕೆ ಸರಿಸಿದರು. ಹನಿ ನಟ್ಟನಡುವೆ ಬಿತ್ತು. ಅದರಿಂದ ಅವರಿಗೆ ಹುರುಪು ಬಂತು. ಪೆನ್ ಕೇಳಿದರು. ಗೋಡೆಯ ಕ್ಯಾಲೆಂಡರಿನಿಂದ ಹಳೆಯ ತಿಂಗಳೊಂದನ್ನು ಹರಿದು ಅದರ ಹಿಂದೆ ಗೆರೆ ಎಳೆದು ನಮ್ಮ ಬಕೆಟ್ಟಿಗೆ ಸೆಂಟ್ರಿ ಡ್ಯೂಟಿ ಹಾಕಿದರು. ಎರಡು ತಾಸು ಕಾವಲು, ನಾಲ್ಕು ತಾಸು ವಿಶ್ರಾಂತಿ. ರಾತ್ರಿ ಹತ್ತರಿಂದ ಹನ್ನೆರಡು ನಾನು, ಹನ್ನೆರಡರಿಂದ ಎರಡು ಹೆಂಡತಿ, ಎರಡರಿಂದ ನಾಲ್ಕು ಪಿಯುಸಿ ಓದುವ ಮಗ. ನಾಲ್ಕರಿಂದ ಮತ್ತೆ ನಾನು. ಬಕೆಟ್ ಮುಕ್ಕಾಲು ತುಂಬಿದ ಕೂಡಲೇ ಖಾಲಿ ಮಾಡುವುದು. ಪೂರ್ತಿ ತುಂಬಲು ಬಿಡುವುದು ಡ್ಯೂಟಿಯಲ್ಲಿ ಲಾಪರ್ವಾಹಿ. ಮಗನಿಗೆ ಇದೆಲ್ಲ ಬಹಳ ಹಿಡಿಸಿತು. ಅವನು ಸೆಲ್ಯೂಟ್ ಬೇರೆ ಹೊಡೆದ. ಹೆಂಡತಿ ನನ್ನ ಕಡೆ ನೋಡಿದ ನೋಟವನ್ನು ಬರೆಯುವುದು ಬೇಡ.

ನಾವು ಎರಡು ಬಕೆಟ್ ಇಟ್ಟು ಸುಮ್ನೆ ಮಲಗಿದೆವು. ನಡುರಾತ್ರಿ ಮೆಟ್ಟಿಲ ಮೇಲೆ ಬೂಟಿನ ಸಪ್ಪಳ. ಆಮೇಲೆ ಬಾಗಿಲು ಬಡಿದ ಸದ್ದು. ಕಳ್ಳರು ಬಾಗಿಲು ಬಡಿಯುವುದಿಲ್ಲ ಅನ್ನುವ ಧೈರ್ಯದಿಂದ "ಯಾರು?" ಅಂದೆ.

"ಥಮ್ ಅನ್ಬೇಕ್ರೀ! ಥಮ್, ಕೌನ್ ಹೈ ಅನ್ಬೇಕ! ಯಾರು ಅಂದ್ರ ದುಶ್ಮನ್ ನಿಂದರ್ತಾನೇನು?"

ಸೆಂಟ್ರಿ ಚೆಕ್ ಮಾಡಲು ಬಂದಿದ್ದರು. ಒಂದು ಕೈಯಲ್ಲಿ ಟಾರ್ಚ್, ಒಂದು ಕೈಯಲ್ಲಿ ಕೊಡೆ. ಬಕೆಟ್ ಇಣುಕಿ ನೋಡಿ, ಮುಕ್ಕಾಲಿಗಿಂತ ಜಾಸ್ತಿ ಆಗಿದೆ ಎಂದು ತಲೆಯಾಡಿಸಿ, ತಾವೇ ಎತ್ತಿಕೊಂಡು ಹೋಗಿ ಬಚ್ಚಲಿಗೆ ಸುರಿದು ಬಂದರು. ಅರವತ್ತರ ಹತ್ತಿರದ ಮನುಷ್ಯ ನಡುರಾತ್ರಿ ನನ್ನ ಬಚ್ಚಲಿಗೆ ನೀರು ಸುರಿಯುವಾಗ ಅವರ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಕಷ್ಟ. ಅದೇ ಹೊತ್ತಿನಲ್ಲಿ ಟೆರೇಸಿಗೆ ಒಂದು ತಾಡಪತ್ರಿ ಹಾಸಬಹುದಿತ್ತು ಅನ್ನುವುದೂ ನಿಜ.

ಕೊನೆಗೆ ಟೆರೇಸ್ ರಿಪೇರಿಯವರು ಬಂದರು. ನನ್ನ ಗ್ರಹಚಾರ ನೋಡಿ, ಅವರೂ ಮಾಜಿ ಸೈನಿಕರು! ಸೈನ್ಯದ ಎಂಜಿನಿಯರ್ ದಳವಾದ ಬೆಂಗಳೂರಿನ ಎಂಇಜಿಯಲ್ಲಿದ್ದವರು, ಹುನಗುಂದ ಕಡೆಯವರು. ಅವರ ಮೊದಲ ಪೋಸ್ಟಿಂಗ್ ಅರುಣಾಚಲ. ಟೆರೇಸಿನ ಬಿರುಕು ನೋಡುವ ಮೊದಲು ಆಕಾಶ ನೋಡಿ, "ಇದೇನ್ ಮಳೀರೀ" ಅಂದರು. ಹುನಗುಂದದಲ್ಲಿ ಮಳೆ ಬಂದರೆ ಜನ ಹೊರಗೆ ಬಂದು ನಿಂತು ನೋಡುತ್ತಿದ್ದರಂತೆ. ಅಂಥ ಊರಿನ ಹುಡುಗ ಅಸ್ಸಾಮಿನ ತೇಜ್‌ಪುರದಲ್ಲಿ ಇಳಿದು ಬೆಟ್ಟ ಹತ್ತಿದ ಮೇಲೆ ತಿಂಗಳುಗಟ್ಟಲೆ ಒಣಗಿದ ಬನಿಯನ್ ಕಾಣಲಿಲ್ಲ. ಬೂಟು ಬಿಚ್ಚಿದರೆ ಬೆರಳ ಸಂದಿಯಲ್ಲಿ ಜಿಗಣೆ. ಕಿತ್ತರೆ ಬರುವುದಿಲ್ಲ, ಉಪ್ಪು ಹಾಕಬೇಕು. ಅದಕ್ಕೇ ಜೇಬಲ್ಲಿ ಸದಾ ಉಪ್ಪಿನ ಪೊಟ್ಟಣ.

ಸುಬೇದಾರರ ಮುಖ ಸ್ವಲ್ಪ ಸಪ್ಪಗಾಯಿತು. ಹಿಮದ ವಿಷಯದಲ್ಲಿ ಅವರನ್ನು ಮೀರಿಸುವವರಿಲ್ಲ, ಆದರೆ ಇದು ಮಳೆ. ಅವರು ಮೈನಸ್ ನಲವತ್ತಕ್ಕೆ ಹೋದರು. ಇವರು ಜಿಗಣೆಯ ಉದ್ದ ಹೆಚ್ಚಿಸಿದರು. ಟೆರೇಸಿನ ನೀರಿನ ಟ್ಯಾಂಕಿನ ಪಕ್ಕ ಇಬ್ಬರೂ ಒಂದೇ ಕೊಡೆಯಡಿ ನಿಂತು ಹರಾಜು ಕೂಗುತ್ತಿದ್ದರೆ ನಾನು ನೆನೆಯುತ್ತ ನಿಂತಿದ್ದೆ.

ಅಷ್ಟರಲ್ಲಿ ರಿಪೇರಿಯವರು, "ನಮ್ದು 99 ಎಪಿಒ ಸಾಬ್. ನಿಮ್ದು 56 ಅಲ್ಲಾ?" ಎಂದು ಕೇಳಿದರು. ಸೈನಿಕ ಎಲ್ಲಿದ್ದಾನೆ ಅನ್ನುವುದು ಲಕೋಟೆಯ ಮೇಲೆ ಇರಬಾರದಲ್ಲ, ಅದಕ್ಕೆ ಎಲ್ಲರಿಗೂ ಇಂಥದೇ ಎಪಿಒ, ಅಂದರೆ ಆರ್ಮಿ ಪೋಸ್ಟ್ ಆಫೀಸ್, ವಿಳಾಸ. ಊರಿನ ಹೆಸರಿಲ್ಲ, ಬರೀ ನಂಬರ್. ಈಶಾನ್ಯದ ಕಡೆಗೆ 99, ಉಳಿದ ಕಡೆಗೆ 56.

ಸುಬೇದಾರರು ಆಗ ಹೇಳಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಅವರ ಅವ್ವನಿಗೆ ಓದು ಬರಹ ಇರಲಿಲ್ಲ. ಪತ್ರ ಬರೆದುಕೊಡುತ್ತಿದ್ದವರು ಊರ ಸಾಲಿ ಮಾಸ್ತರರು. ಎಲ್ಲ ಪತ್ರವೂ "ಇತ್ತ ಕಡೆ ಎಲ್ಲರೂ ಕ್ಷೇಮ" ಅಂತ ಶುರುವಾಗಿ ಎಮ್ಮೆಯ ಸಮಾಚಾರದಲ್ಲಿ ಮುಗಿಯುತ್ತಿತ್ತು. ಮಗ ಇರುವ ಊರು ಯಾವುದು ಎಂದು ಅವ್ವ ಕೇಳಿದಾಗ ಮಾಸ್ತರರು ವಿಳಾಸ ಓದಿ ಹೇಳಿದ್ದಾರೆ, ಐವತ್ತಾರು ಎಪಿಒ. ಆಕೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಗಂಟು ಕಟ್ಟಿಕೊಂಡು ಅಥಣಿ ಬಸ್ ಸ್ಟ್ಯಾಂಡಿಗೆ ಹೋಗಿ ಕಂಡಕ್ಟರನ್ನು ಕೇಳಿದಳಂತೆ, "ತಮ್ಮಾ, ಈ ಬಸ್ಸು ಐವತ್ತಾರು ಎಪಿಒಕ್ಕ ಹೋಗ್ತೈತೇನು?" ಅವನು ಆ ರೂಟ್ ನಂದಲ್ಲ, ಡಿಪೋದಾಗ ಕೇಳ್ರಿ ಅಂದನಂತೆ. ಆಕೆ ಡಿಪೋಗೂ ಹೋಗಿ ಕೇಳಿದ್ದಾಳೆ. ಸಂಜೆ ತನಕ ಕೂತಿದ್ದು ಗಂಟು ಹೊತ್ತುಕೊಂಡು ವಾಪಸ್ ಬಂದಿದ್ದಾಳೆ.

"ರಜಾಕ್ಕ ಬಂದಾಗ ಮಾಸ್ತರ್ ಹೇಳಿದ್ರು. ಅವ್ವ ಹೇಳಲೇ ಇಲ್ಲ ನೋಡ್ರಿ" ಎಂದು ಸುಬೇದಾರರು ನಕ್ಕರು. ರಿಪೇರಿಯವರೂ ನಕ್ಕರು. ಆಮೇಲೆ ಇಬ್ಬರೂ ಟ್ಯಾಂಕಿನ ಮುಚ್ಚಳ ಸರಿಯಾಗಿ ಕೂತಿದೆಯೋ ಇಲ್ಲವೋ ಎಂದು ಅನಗತ್ಯವಾಗಿ ಒತ್ತಿ ನೋಡಿದರು.

ವಾಟರ್‌ಪ್ರೂಫಿಂಗ್ ಕೆಲಸ ಮುಗಿಯಿತು. ಸೋರುವುದು ನಿಂತಿದೆ ಅಂತ ಅವರಿಬ್ಬರ ಅಭಿಪ್ರಾಯ. ಬಕೆಟ್ ಈಗಲೂ ಅಲ್ಲೇ ಇದೆ ಅನ್ನುವುದು ನನ್ನ ಅಭಿಪ್ರಾಯ. ಇವತ್ತು ಸಂಜೆ ಸುಬೇದಾರರು ಬಿಲ್ ಹಿಡಿದುಕೊಂಡು ಮೇಲೆ ಬಂದರು. ಖರ್ಚು ಜಾಸ್ತಿ ಬಂದಿದೆಯಂತೆ, ಬರುವ ತಿಂಗಳಿಂದ ಬಾಡಿಗೆ ಐನೂರು ಹೆಚ್ಚಂತೆ. ದುಡ್ಡಿನ ಮಾತು ಬಂದಾಗ ಅವರಿಗೆ ಲಡಾಖ್ ನೆನಪಾಗುವುದಿಲ್ಲ. ಸರಿ, ನನಗೂ ಒಂದು ಮೊದಲ ಪೋಸ್ಟಿಂಗ್ ಇದೆಯಲ್ವಾ? ಶುರು ಮಾಡಿದೆ. ಸಿಂದಗಿ ತಾಲ್ಲೂಕಿನ ಹಳ್ಳಿ, ಏಪ್ರಿಲ್ ತಿಂಗಳು, ನಲವತ್ತೆರಡು ಡಿಗ್ರಿ ಬಿಸಿಲು, ಫ್ಯಾನಿಲ್ಲದ ಕೋಣೆ, ಉಪ್ಪು ನೀರು, ಮಂಚದ ಕೆಳಗೆ ಚೇಳು...

ಅವರು ಕುರ್ಚಿ ಎಳೆದುಕೊಂಡು ಕೂತು ಗಮನವಿಟ್ಟು ಕೇಳಿದರು. ಚೇಳಿನ ಹತ್ತಿರ "ಅರೆರೆ" ಅಂತಲೂ ಅಂದರು. ನಾನು ಮುಗಿಸಿದ ಮೇಲೆ ಕೇಳಿದರು:

"ಫೀಲ್ಡೋ, ಪೀಸೋ?"

"ಪೀಸೇ ಸರ್, ಬ್ಯಾಂಕ್ ಅಲ್ವಾ..."

"ಹಂಗಾದ್ರ ಐನೂರ ಕೊಡ್ರಿ" ಎಂದು ಎದ್ದರು.