ಕೋಗಿಲೆ ಮರಳಿ ಬಂದಿಲ್ಲ, ಇಲ್ಲೇ ಇತ್ತು: ಒಂದು ಸ್ಪಷ್ಟನೆ

ಚಳಿಗಾಲವನ್ನು ದೂರದೇಶದಲ್ಲಿ ಕಳೆದ ಹೆಣ್ಣು ಕೋಗಿಲೆಗಳು ಯುಗಾದಿಯ ಹೊತ್ತಿಗೆ ಮುಂಬೈಗೆ ಮರಳಿ ಹಾಡತೊಡಗಿವೆ ಎಂಬ ಸಂದೇಶ ಇಲ್ಲಿನ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದ್ದು, ಅದು ಎರಡು ಬಗೆಯಲ್ಲಿ ತಪ್ಪಾಗಿದೆ. ಕೋಗಿಲೆ ಈ ನಗರದಲ್ಲಿ ವರ್ಷವಿಡೀ ಇರುವ ಹಕ್ಕಿ; ಚಳಿಗಾಲದಲ್ಲಿ ಬಹುಮಟ್ಟಿಗೆ ಮೌನವಾಗಿ, ಆಲ ಅತ್ತಿಗಳ ಎಲೆಮರೆಯಲ್ಲಿ ಹಣ್ಣು ತಿಂದುಕೊಂಡಿರುವ ಅದು ನಮ್ಮ ಗಮನಕ್ಕೆ ಬಾರದೆ, ಸಂತಾನಕಾಲ ಸಮೀಪಿಸಿದಾಗಷ್ಟೇ ದನಿ ತೆಗೆಯುತ್ತದೆ. ಒಂದೊಂದೇ ಮೆಟ್ಟಿಲು ಏರಿದಂತೆ ಕೇಳುವ ಆ ‘ಕುಹೂ’ ಕೂಡ ಹೊಳೆಯುವ ಕಪ್ಪು ಮೈಯ, ಕೆಂಪು ಕಣ್ಣಿನ ಗಂಡಿನದು. ಕಂದು ಮೈಮೇಲೆ ಬಿಳಿ ಚುಕ್ಕೆಗಳಿರುವ ಹೆಣ್ಣು ‘ಕಿಕ್ ಕಿಕ್’ ಎಂದು ಚುರುಕಾಗಿ ಕೂಗುತ್ತದೆ. ಅದನ್ನು ಬೇರೆಯೇ ಹಕ್ಕಿಯೆಂದು ಭಾವಿಸುವವರು ಅನೇಕರಿರುವುದು ನನಗೆ ನಿಜಕ್ಕೂ ಬೇಸರದ ಸಂಗತಿ. ವಲಸಿಗ ಹಕ್ಕಿಯೇ ಬೇಕೆಂದರೆ ಗುಲಾಬಿ ಕಬ್ಬಕ್ಕಿಯಿದೆ, ಆದರೆ ಅದು ವಸಂತದಲ್ಲಿ ಬರುವುದಿಲ್ಲ, ಮಧ್ಯ ಏಷ್ಯಾದತ್ತ ಹೊರಡುತ್ತದೆ.